ಬೆಲ್ಟನ್ನು ಎಳೆದು ನೋಡಬೇಡಿ, ತಿರುಚಿ ನೋಡಿ

ಪಿಸ್ತೂಲಿಗೆಂದು ಬೆಲ್ಟು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅದನ್ನು ಕೈಗೆತ್ತಿಕೊಂಡ ಕೂಡಲೇ ಎರಡೂ ತುದಿ ಹಿಡಿದು ಜಗ್ಗುತ್ತಾರೆ. ಜಗ್ಗಿದರೂ ಹಿಗ್ಗಲಿಲ್ಲವೆಂದರೆ ಗಟ್ಟಿ ಎಂದು ತೀರ್ಮಾನ. ಚರ್ಮದ ಬೆಲ್ಟು, ಪಿಸ್ತೂಲು ಇಡುವ ಹೋಲ್‌ಸ್ಟರ್ ಹೊಲಿಯುವುದೇ ನನ್ನ ಕಸುಬು. ಪಿಸ್ತೂಲಿನ ಭಾರಕ್ಕೆ ಹರಿದುಹೋದ ಬೆಲ್ಟು ನನ್ನ ಕೈಗೆ ಬರುವುದು ತೀರಾ ಅಪರೂಪ. ದುರಸ್ತಿಗೆಂದು ಬರುವುದೆಲ್ಲ ಹೊರಳಿಕೊಂಡ ಬೆಲ್ಟುಗಳು. ಅವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟರೆ ಹೋಲ್‌ಸ್ಟರ್ ಕೂರುತ್ತಿದ್ದ ಗೇಣಗಲದ ಜಾಗ ಮಾತ್ರ ಮೇಜಿಗೆ ತಾಗುವುದಿಲ್ಲ. ಮೇಲಂಚು ಹೊರಕ್ಕೆ ಮಗುಚಿಕೊಂಡಿರುತ್ತದೆ, ಕೆಳಗಿನಂಚಿನಲ್ಲಿ ಹೋಲ್‌ಸ್ಟರಿನ ಕ್ಲಿಪ್ಪು ಕಚ್ಚಿದ ಗುರುತು ಆಳವಾಗಿ ಕೂತಿರುತ್ತದೆ.

ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ. ಪೂರ್ತಿ ಉಕ್ಕಿನ, ಪೂರ್ಣ ಗಾತ್ರದ 1911 ಮಾದರಿಯ ಪಿಸ್ತೂಲು ತುಂಬಿದಾಗ 1.2 ಕೆ.ಜಿ. ದಾಟುತ್ತದೆ. ಐದು ಗುಂಡಿನ ಹಗುರ ರಿವಾಲ್ವರಾದರೆ ಅರ್ಧ ಕೆ.ಜಿ.ಯ ಆಸುಪಾಸು. ಇಷ್ಟನ್ನು ಹೊರಲು ಯಾವ ಸಾಧಾರಣ ಬೆಲ್ಟಿಗೂ ಕಷ್ಟವಿಲ್ಲ. ತೊಂದರೆ ಇರುವುದು ಭಾರದಲ್ಲಲ್ಲ, ಭಾರ ಕೂತಿರುವ ಜಾಗದಲ್ಲಿ. ಪ್ಯಾಂಟಿನ ಹೊರಗೆ ತೊಡುವ ಹೋಲ್‌ಸ್ಟರ್ ಬೆಲ್ಟಿನ ಹೊರಮೈಗೆ ಅಂಟಿಕೊಂಡಿರುತ್ತದೆ, ಪಿಸ್ತೂಲಿನ ಹಿಡಿ ಬೆಲ್ಟಿಗಿಂತ ಮೇಲಿರುತ್ತದೆ, ಗುಂಡು ತುಂಬಿದ ಮ್ಯಾಗಜಿನ್ ಇರುವುದೂ ಆ ಹಿಡಿಯೊಳಗೇ. ಹಾಗಾಗಿ ಭಾರ ಕೆಳಕ್ಕೆ ಜಗ್ಗುವುದಕ್ಕಿಂತ ಹೊರಕ್ಕೆ ವಾಲುವುದೇ ಹೆಚ್ಚು. ಮೇಲಿನ ಕೀಲು ಸಡಿಲವಾದ ಬಾಗಿಲಿನಂತೆ ಪಿಸ್ತೂಲು ದೇಹದಿಂದ ಆಚೆಗೆ ತೂಗಿಬೀಳುತ್ತದೆ, ಜೊತೆಗೆ ಬೆಲ್ಟನ್ನೂ ತಿರುಚುತ್ತದೆ.

ತಿರುಚಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಹಿಡಿ ಅಂಗಿಯ ಮೇಲೆ ಎದ್ದು ಕಾಣುವುದು ಸಣ್ಣ ತೊಂದರೆ. ಪಿಸ್ತೂಲನ್ನು ಹೊರಗೆಳೆಯುವಾಗ ಬೆಲ್ಟು ಮೆತ್ತಗಿದ್ದರೆ ಹೋಲ್‌ಸ್ಟರೂ ಜೊತೆಗೇ ಮೇಲೇಳುತ್ತದೆ. ಕ್ಲಿಪ್ಪಿನ ಹಿಡಿತ ಸಾಲದಿದ್ದರೆ ಹೋಲ್‌ಸ್ಟರ್ ಸಮೇತ ಕೈಗೆ ಬರುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಪಿಸ್ತೂಲನ್ನು ಮತ್ತೆ ಒಳಗಿಡುವ ಗಳಿಗೆ. ಹೋಲ್‌ಸ್ಟರಿನ ಬಾಯಿ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ವಾಲಿದ್ದರೆ ಕೈ ಅದನ್ನು ಹುಡುಕಬೇಕಾಗುತ್ತದೆ. ಹುಡುಕುವಾಗ ನಳಿಗೆ ಸ್ವಂತ ತೊಡೆಯ ಕಡೆಗೋ ಹೊಟ್ಟೆಯ ಕಡೆಗೋ ತಿರುಗುತ್ತದೆ. ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿಕೊಳ್ಳುವುದೂ ಇಂಥ ಹೊತ್ತಿನಲ್ಲೇ. ಬೆಲ್ಟಿನ ವಿಷಯವನ್ನು ನಾನು ಉಡುಪಿನ ಮಾತಾಗಿ ನೋಡದೆ ಸುರಕ್ಷತೆಯ ಮಾತಾಗಿ ನೋಡುವುದು ಈ ಕಾರಣಕ್ಕೇ. ಪಿಸ್ತೂಲು ಒಯ್ಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ ಬೇರೆ. ಇಲ್ಲಿ ಬರೆಯುತ್ತಿರುವುದು ಪರವಾನಗಿಯಿಂದಲೋ ಕರ್ತವ್ಯದಿಂದಲೋ ಒಯ್ಯುವವರಿಗಾಗಿ.

ಈಗ ಪರೀಕ್ಷೆಯ ಮಾತು. ಬೆಲ್ಟನ್ನು ಒಂದು ಗೇಣಿನ ಅಂತರದಲ್ಲಿ ಎರಡೂ ಕೈಯಲ್ಲಿ ಹಿಡಿಯಿರಿ. ಒದ್ದೆ ಬಟ್ಟೆ ಹಿಂಡುವ ರೀತಿ ಒಂದು ಕೈಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುವಿ. ಸಾಧಾರಣ ಬೆಲ್ಟು ಸಲೀಸಾಗಿ ಸುರುಳಿ ಸುತ್ತುತ್ತದೆ. ಪಿಸ್ತೂಲಿಗೆ ತಕ್ಕ ಬೆಲ್ಟು ತುಸು ತಿರುಗಿ ನಿಂತುಬಿಡುತ್ತದೆ, ಕೈ ಬಿಟ್ಟರೆ ಮೊದಲಿನಂತಾಗುತ್ತದೆ. ಆಮೇಲೆ ಅದರ ಮೇಲಂಚು, ಕೆಳಗಿನಂಚುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅಗಲದ ದಿಕ್ಕಿನಲ್ಲಿ ಮಡಿಸಲು ನೋಡಿ. ಮಡಿಸಿದಂತೆಲ್ಲ ಕೊಳವೆಯಾಗುವ ಬೆಲ್ಟು ಎಷ್ಟೇ ದಪ್ಪವಿರಲಿ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಹಾಗೆಂದು ಮರದ ಪಟ್ಟಿಯಷ್ಟು ಬಿರುಸಾದ ಬೆಲ್ಟೂ ಬೇಡ. ಕೊಳ್ಳುವವರೂ ಮಾರುವವರೂ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಬಿಗಿತದಲ್ಲಿ ಎರಡು ಬಗೆಯಿದೆ. ಅಗಲದ ದಿಕ್ಕಿನ ಬಿಗಿತ ಬೆಲ್ಟು ಹೊರಳದಂತೆ ತಡೆಯುತ್ತದೆ. ಅದು ಎಷ್ಟಿದ್ದರೂ ಒಳ್ಳೆಯದೇ. ಉದ್ದದ ದಿಕ್ಕಿನ ಬಿಗಿತ ಸೊಂಟವನ್ನು ಸುತ್ತಿಕೊಳ್ಳಲು ಬಿಡುವುದಿಲ್ಲ, ಅದು ಮಿತಿಯಲ್ಲಿರಬೇಕು. ಮನುಷ್ಯನ ಸೊಂಟ ದುಂಡಗಿಲ್ಲ. ಬದಿಯಲ್ಲಿ ಮೂಳೆ ಉಬ್ಬಿದೆ, ಹೊಟ್ಟೆ ಮತ್ತು ಬೆನ್ನಿನ ಕಡೆ ತಗ್ಗಿದೆ. ಸುತ್ತಿಕೊಳ್ಳದ ಬೆಲ್ಟು ಮೂಳೆಯ ಮೇಲೆ ಸೇತುವೆ ಕಟ್ಟಿದ ಹಾಗೆ ನಿಂತು ಪಕ್ಕದಲ್ಲಿ ಸಂದು ಬಿಡುತ್ತದೆ, ಪಿಸ್ತೂಲಿನ ಹಿಡಿ ಆ ಸಂದಿನಿಂದಲೇ ಹೊರಚಾಚುತ್ತದೆ.

ಹೊಟ್ಟೆಯ ಮುಂಭಾಗದಲ್ಲಿ, ಪ್ಯಾಂಟಿನ ಒಳಗೆ ಪಿಸ್ತೂಲು ಇಟ್ಟುಕೊಳ್ಳುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಈಗಿನ ಅಂಥ ಹೋಲ್‌ಸ್ಟರುಗಳ ಬದಿಯಲ್ಲಿ ಕ್ಲಾ ಎಂಬ ಸಣ್ಣ ಚಾಚು ಇರುತ್ತದೆ. ಅದು ಬೆಲ್ಟಿನ ಒಳಮೈಗೆ ಒತ್ತಿಕೊಂಡು ಪಿಸ್ತೂಲಿನ ಹಿಡಿಯನ್ನು ದೇಹದ ಕಡೆಗೆ ತಿರುಗಿಸುತ್ತದೆ. ಬೆಲ್ಟು ಸುತ್ತಲೂ ಸಮನಾಗಿ ಬಿಗಿದಿದ್ದರೆ ಮಾತ್ರ ಆ ಒತ್ತಡ ಸಿಗುವುದು. ಉಕ್ಕಿನ ಪಟ್ಟಿ ಹುದುಗಿಸಿದ ಬೆಲ್ಟು ತನ್ನದೇ ವೃತ್ತದಲ್ಲಿ ನಿಂತುಬಿಟ್ಟರೆ ಕ್ಲಾ ಇದ್ದೂ ಇಲ್ಲದಂತೆ. ಮುಂಭಾಗದಲ್ಲಿ ಒಯ್ಯುವವರಿಗೆ ಮಧ್ಯಮ ಬಿಗಿತದ, ಚೆನ್ನಾಗಿ ಬಾಗುವ ಬೆಲ್ಟನ್ನೇ ಸೂಚಿಸುತ್ತೇನೆ. ಬದಿಯಲ್ಲಿ, ಪ್ಯಾಂಟಿನ ಹೊರಗೆ ಭಾರಿ ಪಿಸ್ತೂಲು ತೂಗಿಸಿಕೊಳ್ಳುವವರಿಗೆ ಹೆಚ್ಚು ಬಿಗಿಯದು ಬೇಕು. ಇಬ್ಬರಿಗೂ ಒಂದೇ ಬೆಲ್ಟು ಎಂದು ಮಾರುವುದನ್ನು ನಾನು ಒಪ್ಪುವುದಿಲ್ಲ.

ಅಗಲದ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಸಾಮಾನ್ಯ ಉಡುಪಿನೊಂದಿಗೆ ಒಯ್ಯಲು ಒಂದೂವರೆ ಇಂಚು, ಅಂದರೆ 38 ಮಿ.ಮೀ., ಹೆಚ್ಚುಕಡಿಮೆ ಎಲ್ಲೆಡೆ ರೂಢಿಯಲ್ಲಿದೆ. ಹೆಚ್ಚಿನ ಹೋಲ್‌ಸ್ಟರ್ ಕ್ಲಿಪ್ಪುಗಳೂ ಆ ಅಳತೆಗೇ ಬರುತ್ತವೆ. ಒಂದೂಕಾಲು ಇಂಚಿನ ಬೆಲ್ಟಿಗೆ ಒಂದೂವರೆ ಇಂಚಿನ ಕ್ಲಿಪ್ಪು ಹಾಕಿದರೆ ಉಳಿದ ಕಾಲು ಇಂಚು ಸಡಿಲದಲ್ಲಿ ಹೋಲ್‌ಸ್ಟರ್ ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ. ಬೆಲ್ಟು ಎಷ್ಟು ಚೆನ್ನಾಗಿದ್ದರೂ ಆಗ ಉಪಯೋಗವಿಲ್ಲ. ಸಮವಸ್ತ್ರದ ಮೇಲಿನ ಡ್ಯೂಟಿ ಬೆಲ್ಟುಗಳು ಸಾಮಾನ್ಯವಾಗಿ 2 ರಿಂದ 2.25 ಇಂಚು ಅಗಲವಿರುತ್ತವೆ, ಪ್ಯಾಂಟಿನ ಒಳಬೆಲ್ಟಿಗೆ ಕೀಪರುಗಳೆಂಬ ಸಣ್ಣ ಪಟ್ಟಿಗಳಿಂದಲೋ ವೆಲ್ಕ್ರೋದಿಂದಲೋ ಕೂಡಿಕೊಳ್ಳುತ್ತವೆ. ಅದರ ಲೆಕ್ಕವೇ ಬೇರೆ.

ಚರ್ಮದ ವಿಷಯಕ್ಕೆ ಬಂದರೆ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕು. ಒಂದೇ ತೊಗಲಿನಲ್ಲಿ ಎಲ್ಲ ಭಾಗವೂ ಒಂದೇ ಗುಣದ್ದಲ್ಲ. ಬೆನ್ನಿನ ಉದ್ದಕ್ಕೂ, ಪೃಷ್ಠದ ಕಡೆಗೆ ಇರುವ ಚರ್ಮದಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ. ಹೊಟ್ಟೆಯ ಭಾಗದಲ್ಲಿ ನಾರು ಸಡಿಲ, ಎಳೆದಂತೆ ಹಿಗ್ಗುತ್ತದೆ. ಪಿಸ್ತೂಲಿನ ಬೆಲ್ಟನ್ನು ಬೆನ್ನಿನ ಭಾಗದಿಂದಲೇ ಕತ್ತರಿಸಬೇಕು. ಸಿದ್ಧ ಬೆಲ್ಟಿನಲ್ಲಿ ಇದನ್ನು ಗುರುತಿಸಲು ಒಂದು ದಾರಿಯಿದೆ. ಹೊರಮೈ ಒಳಗಾಗುವಂತೆ ಬೆಲ್ಟನ್ನು ಬಾಗಿಸಿ ಸುಕ್ಕುಗಳನ್ನು ನೋಡಿ. ಸಣ್ಣ ಸಣ್ಣ, ಒತ್ತೊತ್ತಾದ ಗೆರೆಗಳು ಮೂಡಿ ಬಿಟ್ಟ ಕೂಡಲೇ ಮಾಯವಾದರೆ ಚರ್ಮ ಒಳ್ಳೆಯದು. ಮೇಲ್ಪದರವೇ ಎದ್ದು ಬಂದಂತೆ ದಪ್ಪ ಮಡಿಕೆಗಳು ಕಂಡರೆ ಅದು ಹೊಟ್ಟೆಯ ಕಡೆಯ ಚರ್ಮವಾಗಿರುವುದೇ ಹೆಚ್ಚು.

ಫುಲ್ ಗ್ರೇನ್ ಎಂದರೆ ತೊಗಲಿನ ಮೇಲ್ಮೈಯನ್ನು ಉಜ್ಜಿ ತೆಗೆಯದೆ ಹಾಗೇ ಉಳಿಸಿಕೊಂಡದ್ದು. ನಾರು ಅತ್ಯಂತ ಒತ್ತಾಗಿರುವುದು ಮೇಲ್ಮೈಯ ಹತ್ತಿರವೇ ಆದ್ದರಿಂದ ಬಲವೂ ಅಲ್ಲೇ ಹೆಚ್ಚು. ರಂಧ್ರಗಳು ಅಸಮವಾಗಿ ಹರಡಿರುವುದು, ಅಲ್ಲಲ್ಲಿ ಹಳೆಯ ಗೀರು ಕಾಣುವುದು ದೋಷವಲ್ಲ. ಜೆನ್ಯುಯಿನ್ ಲೆದರ್ ಎಂಬ ಮುದ್ರೆ ಅದು ಚರ್ಮ ಎಂದಷ್ಟೇ ಹೇಳುತ್ತದೆ. ಕೆಳಪದರದ ಸೀಳು ಚರ್ಮಕ್ಕೆ ಬಣ್ಣದ ಲೇಪ ಕೊಟ್ಟರೂ ಆ ಮುದ್ರೆ ಒತ್ತಬಹುದು. ಬಾಂಡೆಡ್ ಲೆದರ್ ಎಂಬುದು ಚರ್ಮದ ಪುಡಿ, ಚೂರುಗಳನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಪಿಸ್ತೂಲಿಗೆ ಅದು ಖಂಡಿತ ಬೇಡ. ಹದ ಮಾಡುವ ರೀತಿಯೂ ಮುಖ್ಯ. ಮರದ ತೊಗಟೆ, ಎಲೆಗಳ ಟ್ಯಾನಿನ್‌ನಲ್ಲಿ ನಿಧಾನವಾಗಿ ಹದಗೊಂಡ ಚರ್ಮ ಬಿಗಿಯಾಗಿರುತ್ತದೆ, ಕೊಟ್ಟ ಆಕಾರವನ್ನು ಹಿಡಿದುಕೊಳ್ಳುತ್ತದೆ. ಕ್ರೋಮ್ ಲವಣದಲ್ಲಿ ಹದ ಮಾಡಿದ್ದು ಮೃದು, ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹಿಗ್ಗುತ್ತದೆ. ಕೈಚೀಲಕ್ಕೆ ಒಪ್ಪುವ ಗುಣ ಈ ಬೆಲ್ಟಿಗೆ ಒಪ್ಪುವುದಿಲ್ಲ.

ದಪ್ಪವನ್ನು ಚರ್ಮದವರು ಔನ್ಸಿನಲ್ಲಿ ಹೇಳುತ್ತಾರೆ: ಒಂದು ಔನ್ಸ್ ಎಂದರೆ ಇಂಚಿನ 64ರಲ್ಲಿ ಒಂದು ಭಾಗ, ಸುಮಾರು 0.4 ಮಿ.ಮೀ. ಹಗುರ ಪಿಸ್ತೂಲಿಗೆ 12 ರಿಂದ 14 ಔನ್ಸಿನ ಒಂಟಿ ಪದರ ಸಾಕಾದೀತು. ಭಾರದ್ದಕ್ಕೆ ಎರಡು ಪದರ ಅಂಟಿಸಿ ಹೊಲಿದದ್ದು ವಾಸಿ, ಒಟ್ಟು 6 ಮಿ.ಮೀ. ಆಸುಪಾಸು. ಎರಡು ಪದರದ ಬಲ ಇರುವುದು ದಪ್ಪದಲ್ಲಿ ಮಾತ್ರವಲ್ಲ, ಅಂಟಿನಲ್ಲೂ ಇದೆ: ಒಂದರ ಮೇಲೊಂದು ಜಾರಲು ಆಗದೆ ಎರಡೂ ಸೇರಿ ತಿರುಚುವಿಕೆಯನ್ನು ತಡೆಯುತ್ತವೆ. ನಡುವೆ ಪಾಲಿಮರ್ ಪಟ್ಟಿಯನ್ನೋ ತೆಳು ಸ್ಪ್ರಿಂಗ್ ಉಕ್ಕನ್ನೋ ಸೇರಿಸುವುದೂ ಇದೆ. ಉಕ್ಕು ತೀರಾ ಬಿರುಸಾಗುವುದರಿಂದ ನನ್ನ ಒಲವು ಪಾಲಿಮರಿನ ಕಡೆಗೆ.

6 ಮಿ.ಮೀ. ದಪ್ಪದ ಬೆಲ್ಟು ಸೊಂಟಕ್ಕೆ ಒಂದು ಸುತ್ತು ಬಂದಾಗ ಹೊರಮೈಯ ಸುತ್ತಳತೆ ಒಳಮೈಯದಕ್ಕಿಂತ ಸುಮಾರು 38 ಮಿ.ಮೀ. ಹೆಚ್ಚಾಗುತ್ತದೆ. ಎರಡೂ ಪದರವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಅಂಟಿಸಿದರೆ ಈ ವ್ಯತ್ಯಾಸಕ್ಕೆ ಜಾಗವೇ ಇರುವುದಿಲ್ಲ. ತೊಟ್ಟುಕೊಂಡಾಗ ಒಳಪದರ ಸುಕ್ಕುಗಟ್ಟುತ್ತದೆ, ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ, ಕೆಲವು ತಿಂಗಳಲ್ಲಿ ಪದರ ಬಾಯಿಬಿಡುತ್ತದೆ. ಅದಕ್ಕೇ ಬಾಗಿದ ಅಚ್ಚಿನ ಮೇಲಿಟ್ಟು ಅಂಟಿಸಬೇಕು. ಕೊಳ್ಳುವಾಗ ಬೆಲ್ಟನ್ನು ಸೊಂಟದಷ್ಟು ವೃತ್ತಕ್ಕೆ ಬಾಗಿಸಿ ಒಳಮೈಯನ್ನು ಬೆರಳಿನಿಂದ ಸವರಿ. ಅಲೆಅಲೆಯಾಗಿ ಕೈಗೆ ತಗುಲಿದರೆ ಅವಸರದಲ್ಲಿ ಮಾಡಿದ್ದು ಎಂದು ತಿಳಿಯಿರಿ. ಹೊಲಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ದಾರದ್ದಾಗಿರಲಿ; ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಹೊಲಿಗೆ ತೀರಾ ಒತ್ತಾಗಿದ್ದರೆ ತೂತುಗಳ ಸಾಲೇ ಚರ್ಮವನ್ನು ಸೀಳುವ ಗೆರೆಯಾಗುತ್ತದೆ. ಇಂಚಿಗೆ 6 ರಿಂದ 8 ಹೊಲಿಗೆ ಹದವಾದದ್ದು.

ಚರ್ಮವೇ ಬೇಕೆಂದೇನಿಲ್ಲ. ಬಿಸಿಲು, ಬೆವರು, ಮಳೆಯಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಎರಡು ಪದರದ, ಬಿಗಿ ನೇಯ್ಗೆಯ ನೈಲಾನ್ ಪಟ್ಟಿ ಹೆಚ್ಚು ಬಾಳುತ್ತದೆ. ಪಾಲಿಯೆಸ್ಟರ್ ನೇಯ್ಗೆಗೆ ಪ್ಲಾಸ್ಟಿಕ್ ಲೇಪ ಕೊಟ್ಟ ಬಯೋಥೇನ್ ಕೂಡ ನೀರಿಗೆ ಹೆದರುವುದಿಲ್ಲ, ಒರೆಸಿದರೆ ಸಾಕು. ಸ್ವತಃ ಚರ್ಮದ ಕೆಲಸದವನಾದರೂ ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಮಳೆಗಾಲವಿಡೀ ಬಯಲಲ್ಲಿರುವ ಕಾವಲುಗಾರನಿಗೆ ನಾನು ಚರ್ಮದ ಬೆಲ್ಟು ಮಾರುವುದಿಲ್ಲ.

ಬಕಲ್ಲು ಹೇಗಿರಬೇಕು? ಮುಳ್ಳಿನ ಬಕಲ್ಲು ಸರಳ, ಕೆಡುವ ಭಾಗವಿಲ್ಲ. ಆದರೆ ತೂತಿನ ಅಂತರ ನೋಡಿಕೊಳ್ಳಿ. ಸಾಧಾರಣ ಬೆಲ್ಟಿನಲ್ಲಿ ತೂತಿನಿಂದ ತೂತಿಗೆ ಒಂದು ಇಂಚು ಇರುತ್ತದೆ. ಪ್ಯಾಂಟಿನೊಳಗೆ ಪಿಸ್ತೂಲು ಸೇರಿದಾಗ ಒಂದು ತೂತು ಉಸಿರು ಕಟ್ಟಿಸುತ್ತದೆ, ಮುಂದಿನದು ಸಡಿಲ. ಮುಕ್ಕಾಲು ಇಂಚಿನ ಅಂತರ ವಾಸಿ, ಅರ್ಧ ಇಂಚು ಇನ್ನೂ ವಾಸಿ. ಹಲ್ಲುಪಟ್ಟಿಯ ರ‍್ಯಾಚೆಟ್ ಬೆಲ್ಟುಗಳಲ್ಲಿ ಕಾಲು ಇಂಚಿನಷ್ಟು ಸಣ್ಣ ಹೊಂದಾಣಿಕೆ ಸಾಧ್ಯ. ಊಟವಾದ ಮೇಲೆ, ವಾಹನದಲ್ಲಿ ಕೂತಾಗ ಒಂದೆರಡು ಹಲ್ಲು ಸಡಿಲಿಸಿಕೊಳ್ಳಬಹುದು, ಎದ್ದ ಮೇಲೆ ಮತ್ತೆ ಬಿಗಿಸಬಹುದು. ಆದರೆ ಬಕಲ್ಲಿನೊಳಗಿನ ಸ್ಪ್ರಿಂಗಿಗೆ ಧೂಳು, ಮರಳು ಸೇರದಂತೆ ಆಗಾಗ ಕೊಡವಬೇಕು.

ಈ ಸಣ್ಣ ಹೊಂದಾಣಿಕೆ ಬರೀ ಆರಾಮದ ವಿಷಯವಲ್ಲ. ಮೆತ್ತನೆಯ ಬೆಲ್ಟು ಹಾಕಿದವರು ಪಿಸ್ತೂಲು ವಾಲದಿರಲೆಂದು ಅದನ್ನು ಬಿಗಿಯುತ್ತಲೇ ಹೋಗುತ್ತಾರೆ. ಸೊಂಟದ ಮುಂಮೂಳೆಯ ಹತ್ತಿರ ತೊಡೆಯ ಹೊರಭಾಗಕ್ಕೆ ಹೋಗುವ ಒಂದು ನರ ಹಾಯುತ್ತದೆ. ಅದು ಬಹಳ ಕಾಲ ಒತ್ತಡಕ್ಕೆ ಸಿಕ್ಕಿದರೆ ತೊಡೆಯ ಹೊರಮೈ ಜೋಮು ಹಿಡಿಯುತ್ತದೆ, ಉರಿಯುತ್ತದೆ. ವೈದ್ಯರು ಇದನ್ನು ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ ಎನ್ನುತ್ತಾರೆ. ಬಿಗಿ ಬೆಲ್ಟು ಅದರ ಪರಿಚಿತ ಕಾರಣಗಳಲ್ಲಿ ಒಂದು. ನನ್ನ ಬಳಿ ಬರುವವರಲ್ಲಿ ಯಾರಾದರೂ ತೊಡೆ ಮರಗಟ್ಟುತ್ತದೆ ಎಂದರೆ ಮೊದಲು ವೈದ್ಯರಿಗೆ ತೋರಿಸಿ ಎನ್ನುತ್ತೇನೆ, ಆಮೇಲೆ ಅವರ ಬೆಲ್ಟನ್ನು ತಿರುಚಿ ನೋಡುತ್ತೇನೆ. ಒಳ್ಳೆಯ ಬೆಲ್ಟನ್ನು ಇಷ್ಟು ಬಿಗಿಯಬೇಕಾಗುವುದೇ ಇಲ್ಲ.

ಅಳತೆಗೆ ಪ್ಯಾಂಟಿನ ಚೀಟಿಯನ್ನು ನಂಬಬೇಡಿ. ಈಗ ಹಾಕುತ್ತಿರುವ ಬೆಲ್ಟನ್ನು ಬಿಚ್ಚಿ, ಬಕಲ್ಲಿನ ಲೋಹದ ಕಂಬಿಯಿಂದ ನೀವು ಬಳಸುವ ತೂತಿನವರೆಗೆ ಟೇಪು ಹಿಡಿಯಿರಿ. ಪ್ಯಾಂಟಿನೊಳಗೆ ಹೋಲ್‌ಸ್ಟರ್ ಇಡುವವರು ಅದನ್ನು ಇಟ್ಟುಕೊಂಡೇ ಅಳೆಯಬೇಕು. ಒಂದರಿಂದ ಎರಡು ಇಂಚು ಹೆಚ್ಚಾಗುತ್ತದೆ. ಪ್ಯಾಂಟಿನ ಲೂಪುಗಳ ಕಡೆಗೂ ಕಣ್ಣು ಹಾಯಿಸಿ. 6 ಮಿ.ಮೀ. ದಪ್ಪದ ಬೆಲ್ಟು ಕೆಲವು ತೆಳು ಪ್ಯಾಂಟುಗಳ ಲೂಪಿನೊಳಗೆ ನುಗ್ಗುವುದಿಲ್ಲ. ಹೋಲ್‌ಸ್ಟರಿನ ಎರಡು ಕ್ಲಿಪ್ಪುಗಳ ನಡುವೆ ಒಂದು ಲೂಪು ಬಂದರೆ ಅದು ಮುಂದೆ ಹಿಂದೆ ಜಾರುವುದೂ ತಪ್ಪುತ್ತದೆ.

ಆರೈಕೆಯಲ್ಲಿ ಜನ ಮಾಡುವ ಹಾನಿ ಒಂದೇ, ಅತಿಯಾಗಿ ಎಣ್ಣೆ ಹಚ್ಚುವುದು. ಎಣ್ಣೆ ನಾರಿನ ನಡುವೆ ಸೇರಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ನೀವು ಬೆಲೆ ಕೊಟ್ಟು ಕೊಂಡ ಬಿಗಿತವೇ ಹೋಗುತ್ತದೆ. ಒಣಗಿದಂತೆ ಕಂಡಾಗ ಮೇಣದ ಮುಲಾಮು ತೆಳುವಾಗಿ ಹಚ್ಚಿದರೆ ಸಾಕು. ನೆನೆದರೆ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಿ. ಬೆಂಕಿ, ಹೀಟರಿನ ಹತ್ತಿರ ಇಟ್ಟರೆ ಚರ್ಮ ಕುಗ್ಗಿ ಸೆಟೆದು ಬಿರಿಯುತ್ತದೆ. ಸುರುಳಿ ಸುತ್ತಿಡದೆ ಬಕಲ್ಲಿನಿಂದ ತೂಗುಹಾಕಿ. ಬಕಲ್ಲನ್ನು ಹಿಡಿದಿರುವ ಚಿಕಾಗೊ ಸ್ಕ್ರೂಗಳು ಓಡಾಟದಲ್ಲಿ ತಾವಾಗಿ ಸಡಿಲಗೊಳ್ಳುತ್ತವೆ. ಹೊಸ ಬೆಲ್ಟಿಗೆ ಮೊದಲ ದಿನವೇ ತಿರುಪು ಸಡಿಲಗೊಳ್ಳದಂತೆ ಹಿಡಿದಿಡುವ ಅಂಟು, ಥ್ರೆಡ್‌ಲಾಕರ್, ಒಂದು ಹನಿ ಹಾಕಿ ಬಿಗಿಸಿ. ತಿಂಗಳಿಗೊಮ್ಮೆ ಬಕಲ್ಲಿನ ಮಡಿಕೆಯಲ್ಲಿ ಬಿರುಕು ಬಂದಿದೆಯೇ, ಬಳಸುವ ತೂತು ಉದ್ದಕ್ಕೆ ಎಳೆದುಕೊಂಡಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಿ. ಮಡಿಕೆ ಬಿರಿದಿದ್ದರೆ ದುರಸ್ತಿ ಕೇಳಬೇಡಿ, ಬದಲಾಯಿಸಿ.

ಹೊಸ ಬೆಲ್ಟು ಬಂದ ದಿನವೇ ಕೆಲಸಕ್ಕೆ ಹಾಕಿಕೊಂಡು ಹೋಗುವುದು ಬೇಡ. ಪಿಸ್ತೂಲಿನ ಮ್ಯಾಗಜಿನ್ ತೆಗೆದು, ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಮನೆಯಲ್ಲಿ ತೊಟ್ಟು ನೋಡಿ. ಕುರ್ಚಿಯಲ್ಲಿ ಕೂತು ಏಳಿ, ಬಗ್ಗಿ ಚಪ್ಪಲಿ ಎತ್ತಿ, ಮೆಟ್ಟಿಲು ಹತ್ತಿ ಇಳಿಯಿರಿ. ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲಿಟ್ಟುಕೊಂಡು, ಬೆರಳು ಟ್ರಿಗರಿನಿಂದ ದೂರವಿಟ್ಟು, ನಿಧಾನವಾಗಿ ಕೆಲವು ಸಲ ಪಿಸ್ತೂಲನ್ನು ಎಳೆಯಿರಿ. ಹೋಲ್‌ಸ್ಟರ್ ಜೊತೆಗೆ ಎಷ್ಟು ಮೇಲೇಳುತ್ತದೆ ಎಂದು ಕನ್ನಡಿಯಲ್ಲಿ ಗಮನಿಸಿ. ಚರ್ಮದ ಬೆಲ್ಟಾದರೆ ಮೈಗೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ, ಆ ಅವಧಿಯಲ್ಲಿ ತುಸು ಬಿರುಸೆನಿಸುವುದು ಸಹಜ. ಆದರೆ ಮೊದಲ ದಿನವೇ ಮೇಲಂಚು ಹೊರಕ್ಕೆ ಮಗುಚಿದರೆ ಅದು ಒಗ್ಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ಉದ್ದ ಕತ್ತರಿಸಿಕೊಳ್ಳುವ, ಹೊಸ ತೂತು ಹೊಡೆಸಿಕೊಳ್ಳುವ ಮೊದಲೇ ಅಂಥದ್ದನ್ನು ಮಾರಿದವರಿಗೆ ಹಿಂತಿರುಗಿಸಿ.