ಮೊದಲ ಡೈವ್‌ಗೆ ಯಾವ ದ್ವೀಪ? ಮೊದಲು ರಜೆ ಯಾವಾಗ ಹೇಳಿ

"ಅಂಡಮಾನ್ ಒಳ್ಳೆಯದಾ, ಮಾಲ್ಡೀವ್ಸ್ ಒಳ್ಳೆಯದಾ?" ಸ್ಕೂಬಾ ಕಲಿಯಬೇಕು ಎಂದು ಫೋನ್ ಮಾಡುವವರು ಶುರು ಮಾಡುವುದು ಇಲ್ಲಿಂದಲೇ. ನಾನು ತಿರುಗಿ ಕೇಳುತ್ತೇನೆ, "ರಜೆ ಯಾವಾಗ?" ದ್ವೀಪದ ಹೆಸರು ಆಮೇಲೆ. ಫೆಬ್ರವರಿಯಲ್ಲಿ ಕೆರೆಯ ಹಾಗೆ ಸುಮ್ಮನಿರುವ ಕಡಲು ಜುಲೈನಲ್ಲಿ ದೋಣಿ ಇಳಿಸಲೂ ಬಿಡುವುದಿಲ್ಲ. ಫೋಟೋ ನೋಡಿ ದ್ವೀಪ ಆರಿಸಿದವರಿಗೆ ಇದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ನಮ್ಮ ಕಡೆಯ ಕುಟುಂಬಗಳಿಗೆ ರಜೆ ಸಿಗುವುದು ಬೇಸಿಗೆ, ದಸರಾ, ವರ್ಷದ ಕೊನೆ. ಬೇಸಿಗೆ ಎಂದರೆ ಏಪ್ರಿಲ್ ಒಳ್ಳೆಯದು, ಮೇ ಮೊದಲ ವಾರ ಪರವಾಗಿಲ್ಲ. ಮುಂಗಾರು ಕೇರಳಕ್ಕೆ ಬರುವುದು ಜೂನ್ 1ರ ಸುಮಾರಿಗೆ. ಆದರೆ ಅಂಡಮಾನ್ ಸಮುದ್ರವನ್ನು ಅದು ಮೇ ಮೂರನೇ ವಾರಕ್ಕೇ ಮುಟ್ಟಿರುತ್ತದೆ. "ಮಳೆಗಾಲಕ್ಕೆ ಇನ್ನೂ ಟೈಮ್ ಇದೆ" ಎಂದು ಮೇ ಕೊನೆಗೆ ಟಿಕೆಟ್ ಮಾಡುವವರು ಇದನ್ನು ಮರೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಡಮಾನ್, ಲಕ್ಷದ್ವೀಪ, ಮುರ್ಡೇಶ್ವರದ ಬಳಿಯ ನಮ್ಮ ನೇತ್ರಾಣಿ ಮೂರನ್ನೂ ಬಿಟ್ಟುಬಿಡಿ. ಆಗ ಬಾಲಿಯಲ್ಲಿ ಒಣ ಹವೆ. ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಕೊ ಟಾವೊ ಕೂಡ ಚೆನ್ನಾಗಿರುತ್ತದೆ. ಅದೇ ಥಾಯ್ಲೆಂಡಿನ ಪಶ್ಚಿಮಕ್ಕೆ ಆ ಹೊತ್ತಿಗೆ ಮಳೆಗಾಲ. ಕೊ ಟಾವೊಗೆ ಕೆಟ್ಟ ಕಾಲ ಎಂದರೆ ವರ್ಷದ ಕೊನೆ, ಅದರಲ್ಲೂ ನವೆಂಬರ್.

ಡಿಸೆಂಬರ್‌ನಲ್ಲಿ ಅಂಡಮಾನ್ ಚೆಂದ, ನಿಜ. ಆದರೆ ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೂ ಅದು ಸೀಸನ್ನೇ. 2016ರ ಡಿಸೆಂಬರ್‌ನಲ್ಲಿ ಅಂಡಮಾನ್‌ನ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ನೌಕಾಪಡೆಯೇ ಹೋಗಿ ಕರೆತರಬೇಕಾಯಿತು. ನನ್ನನ್ನು ಕೇಳಿದರೆ ಜನವರಿಯಿಂದ ಏಪ್ರಿಲ್ ಎನ್ನುತ್ತೇನೆ.

ತಿಂಗಳು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅಲ್ಲಿ ನೀರಿಗೆ ಇಳಿಯುವುದು ಹೇಗೆ? ದಡದಿಂದ ನಡೆದುಕೊಂಡು ಹೋಗುವುದಾ, ಬೋಟ್‌ನಿಂದ ಹಿಂದಕ್ಕೆ ಬೀಳುವುದಾ? ಹೊಸಬರಿಗೆ ಮೀನು, ಹವಳ, ವಿಸಿಬಿಲಿಟಿ (ನೀರೊಳಗೆ ಎಷ್ಟು ದೂರ ಕಾಣುತ್ತದೆ ಎನ್ನುವುದು) ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಕಾರಣ ಕಿವಿ.

ನೀರಿನ ಮೇಲೆ ನಮ್ಮ ಮೇಲಿರುವುದು ಒಂದು ವಾತಾವರಣದ ಒತ್ತಡ. 10 ಮೀಟರ್ ಇಳಿದರೆ ಅದು ಎರಡಾಗುತ್ತದೆ, 20 ಮೀಟರ್‌ಗೆ ಮೂರು. ಅಂದರೆ ಒತ್ತಡ ದುಪ್ಪಟ್ಟಾಗುವುದು ಮೊದಲ 10 ಮೀಟರ್‌ನಲ್ಲೇ. ಕಿವಿಯೊಳಗಿನ ಗಾಳಿ ಕುಗ್ಗುವುದೂ ಅಲ್ಲೇ ಜಾಸ್ತಿ. "ಆಳಕ್ಕೆ ಹೋದರೆ ಕಿವಿ ನೋಯುತ್ತೆ" ಎಂದು ಎಲ್ಲರೂ ಹೆದರುತ್ತಾರೆ. ನಿಜವಾಗಿ ತೊಂದರೆ ಶುರುವಾಗುವುದು ಎರಡು-ಮೂರು ಮೀಟರ್‌ನಲ್ಲಿ. ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡಿಕೊಳ್ಳಬೇಕು, ಅದೂ ನೋವು ಬರುವ ಮೊದಲೇ. ನೋವು ಬಂದರೆ ಸ್ವಲ್ಪ ಮೇಲೆ ಬಂದು ಮತ್ತೆ ಇಳಿಯಬೇಕು. ಕೆಲವರಿಗೆ ಇದು ಒಂದೇ ಸಲಕ್ಕೆ ಬರುತ್ತದೆ. ಕೆಲವರಿಗೆ ಅರ್ಧ ಗಂಟೆ ಬೇಕು. ಗಟ್ಟಿಯಾಗಿ ಊದಿದರೆ ಬೇಗ ಆಗುತ್ತೆ ಎಂದುಕೊಳ್ಳಬೇಡಿ, ಕಿವಿಗೆ ಪೆಟ್ಟಾಗುವುದು ಹಾಗೆಯೇ. ನೆಗಡಿ ಇದ್ದರಂತೂ ಅವತ್ತಿನ ಡೈವ್ ಬಿಡುವುದೇ ಸರಿ.

ಈಗ ಎರಡು ಜಾಗ ನೋಡಿ. ಹ್ಯಾವ್‌ಲಾಕ್‌ನ ನೀಮೊ ರೀಫ್‌ನಲ್ಲಿ ದಡದಿಂದಲೇ ನಡೆದು ಹೋಗುತ್ತೀರಿ. ಎದೆಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡುವುದನ್ನು ಕಲಿಯುತ್ತೀರಿ. ಮರಳು ತಳ ನಿಧಾನವಾಗಿ ಇಳಿಜಾರಾಗುತ್ತದೆ. ಕಿವಿ ಕೇಳದಿದ್ದರೆ ಅಲ್ಲೇ ನಿಲ್ಲಬಹುದು, ಎದ್ದು ನಿಂತು "ಸರ್, ಇನ್ನೊಂದ್ಸಲ ಹೇಳಿ" ಎನ್ನಬಹುದು. ಈ ಎದ್ದು ನಿಲ್ಲುವ ಅವಕಾಶಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಎರಡನೆಯದು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಬೋಟ್‌ನಲ್ಲಿ ಗಂಟೆಗೂ ಜಾಸ್ತಿ ಪ್ರಯಾಣ. ದ್ವೀಪಕ್ಕೆ ಮರಳ ದಂಡೆ ಇಲ್ಲ, ಸುತ್ತ ಬಂಡೆ. ಬೋಟ್ ಅಲ್ಲಾಡುತ್ತಿರುತ್ತದೆ, ಪಕ್ಕದವರು ವಾಂತಿ ಮಾಡುತ್ತಿರುತ್ತಾರೆ, ಕಾಲಿಗೆ ನೆಲ ಸಿಗುವ ಮಾತೇ ಇಲ್ಲ. ಅಲ್ಲಿ ಮೊದಲ ಸಲ ಮಾಸ್ಕ್ ಹಾಕಿಕೊಂಡವರು ಎಷ್ಟೋ ಜನ ಖುಷಿಯಾಗಿ ವಾಪಸ್ ಬಂದಿದ್ದಾರೆ, ಸುಳ್ಳು ಹೇಳುವುದಿಲ್ಲ. ಒಳ್ಳೆಯ ದಿನ ಸಿಕ್ಕರೆ ಅಲ್ಲಿನ ಮೀನಿನ ಹಿಂಡು ನೋಡಿ ಹೊರದೇಶಕ್ಕೆ ಯಾಕೆ ಹೋಗಬೇಕು ಅನ್ನಿಸುತ್ತದೆ. ಆದರೆ "ನೇತ್ರಾಣಿ ಹತ್ತಿರ ಅಲ್ವಾ ಸರ್, ಮೊದಲು ಅದನ್ನೇ ಮುಗಿಸಿಬಿಡೋಣ" ಎನ್ನುವವರಿಗೆ ನನ್ನ ಉತ್ತರ ಬೇರೆ. ಬೋಟ್ ಪ್ರಯಾಣ ಆಗಿಬರುವವರು, ನೀರಿನ ಭಯ ಇಲ್ಲದವರು ಹೋಗಿ. ಉಳಿದವರು ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ನಾನು ಚಳಿಗಾಲದಲ್ಲಿ ಕಲಿಸುವುದು ಹ್ಯಾವ್‌ಲಾಕ್‌ನಲ್ಲೇ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ. ದಾಖಲೆಗಳಲ್ಲಿ ಈ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಫೆರ್ರಿ ಟಿಕೆಟ್ ಹುಡುಕುವಾಗ ಎರಡೂ ಹೆಸರು ನೆನಪಿರಲಿ.

ನೀರು ಶಾಂತವಾಗಿರಬೇಕು ಎನ್ನುವುದೊಂದೇ ಲೆಕ್ಕವಾದರೆ ಲಕ್ಷದ್ವೀಪವನ್ನು ಮೀರಿಸುವುದು ಕಷ್ಟ. ಹವಳದ ದಿಬ್ಬ ದ್ವೀಪದ ಹೊರಗೇ ಅಲೆಗಳನ್ನು ತಡೆಯುತ್ತದೆ. ಒಳಗಿನ ಲಗೂನ್ ತಿಳಿಯಾಗಿ, ಆಳವಿಲ್ಲದೆ ಹರಡಿಕೊಂಡಿರುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ಇದೇ ಜಾಗ ಎನ್ನುತ್ತೇನೆ. 10 ವರ್ಷ ತುಂಬಿದ ಮಕ್ಕಳು ಪ್ರಯತ್ನದ ಡೈವ್ (ಕೋರ್ಸ್ ಮಾಡದೆ ಇನ್‌ಸ್ಟ್ರಕ್ಟರ್ ಜೊತೆ ಇಳಿದು ನೋಡುವುದು) ಮಾಡಬಹುದು. ತೊಡಕಿರುವುದು ತಲುಪುವುದರಲ್ಲಿ. ಪ್ರವೇಶ ಪರವಾನಗಿ ಬೇಕು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಅದೂ ಸಣ್ಣ ವಿಮಾನ. ಡೈವ್ ಸೆಂಟರ್‌ಗಳು ಕಡಿಮೆ, ಹಾಗಾಗಿ ಇನ್‌ಸ್ಟ್ರಕ್ಟರ್ ಅಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡೇ ಹೊರಡಿ.

ಬಾಲಿಗೆ ಹೋಗುವವರು ತುಲಾಂಬೆನ್ ಕಡೆ ಹೋಗಿ. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲೇ ಲಿಬರ್ಟಿ ಎಂಬ ಅಮೆರಿಕದ ಹಡಗು ಮುಳುಗಿ ಮಲಗಿದೆ. 1942ರಲ್ಲಿ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಹೊಡೆಯಿತು, ದಡಕ್ಕೆ ತಂದು ನಿಲ್ಲಿಸಿದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರೊಳಗೆ ಹೋಯಿತು. ಮೇಲಿನ ಭಾಗ ಐದಾರು ಮೀಟರ್ ಆಳದಲ್ಲೇ ಸಿಗುವುದರಿಂದ ಹೊಸಬರೂ ನೋಡಬಹುದು. ದಡದಲ್ಲಿ ಮರಳಿಲ್ಲ, ಉರುಟು ಕಲ್ಲು. ಊರಿನ ಹೆಂಗಸರು ಸಿಲಿಂಡರನ್ನು ತಲೆ ಮೇಲೆ ಹೊತ್ತು ಆ ಕಲ್ಲುಗಳ ಮೇಲೆ ಸಲೀಸಾಗಿ ನಡೆಯುತ್ತಾರೆ. ನಾವು ಬರಿಗೈಯಲ್ಲೂ ತಡವರಿಸುತ್ತೇವೆ. ಅದೇ ಬಾಲಿ ಪಕ್ಕದ ನುಸಾ ಪೆನಿಡಾ ದ್ವೀಪಕ್ಕೆ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನು ನೋಡಲು ಎಲ್ಲರೂ ಓಡುತ್ತಾರೆ. ಅಲ್ಲಿ ಸೆಳೆತ ಜೋರು, ಕೆಲವೊಮ್ಮೆ ಕೆಳಕ್ಕೇ ಎಳೆಯುತ್ತದೆ, ನೀರೂ ತಣ್ಣಗೆ. ಮೊದಲ ಡೈವ್‌ಗೆ ಬೇಡವೇ ಬೇಡ.

ಮಾಲ್ಡೀವ್ಸ್ ವಿಷಯದಲ್ಲೂ ಹೀಗೇ. ರೆಸಾರ್ಟ್ ಮುಂದಿನ ಲಗೂನ್‌ನಲ್ಲಿ ಆರಾಮವಾಗಿ ಕಲಿಯಬಹುದು. ಆದರೆ ಆ ದೇಶದ ಹೆಸರುವಾಸಿ ಡೈವ್‌ಗಳಲ್ಲಿ ಹೆಚ್ಚಿನವು ದ್ವೀಪಸಾಲುಗಳ ನಡುವಿನ ಕಾಲುವೆಗಳಲ್ಲಿವೆ, ಅಲ್ಲಿ ನೀರು ನುಗ್ಗಿ ಹರಿಯುತ್ತದೆ. ಅಷ್ಟು ದುಡ್ಡು ಕೊಟ್ಟು ಲಗೂನ್ ಮಾತ್ರ ನೋಡಿ ಬರುವ ಬದಲು ಸರ್ಟಿಫಿಕೇಟ್ ಆದ ಮೇಲೆ ಹೋಗಿ. ಕೊ ಟಾವೊ ಬಗ್ಗೆ ಹೇಳುವುದು ಕಡಿಮೆ. ಡೈವಿಂಗ್ ಕಲಿಸುವುದೇ ಆ ಊರಿನ ಕಸುಬು, ದರದಲ್ಲಿ ಪೈಪೋಟಿ ಇದೆ, ಜಪಾನೀಸ್ ಗಾರ್ಡನ್ಸ್‌ನಂಥ ಆಳವಿಲ್ಲದ ಜಾಗಗಳಿವೆ. ಗದ್ದಲ ಜಾಸ್ತಿ, ಅಷ್ಟೇ.

ಸೆಳೆತದ ಮಾತು ಬಂತಲ್ಲ, ದಿನ ಆರಿಸಲು ಮನೆಯ ಪಂಚಾಂಗವೇ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಜಾಸ್ತಿ, ಹಾಗಾಗಿ ನೀರಿನ ಓಟವೂ ಜಾಸ್ತಿ. ಅಷ್ಟಮಿ, ನವಮಿಯ ಹೊತ್ತಿಗೆ ಕಡಿಮೆ. ಕರಾವಳಿಯ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಾರೀಖು ಹಿಂದೆ ಮುಂದೆ ಮಾಡಲು ಆಗುವುದಾದರೆ ಅಷ್ಟಮಿ ಪಕ್ಕದ ವಾರವನ್ನೇ ಹಿಡಿಯಿರಿ.

ಇನ್ನು ಎಷ್ಟು ದಿನ ಬೇಕು ಎನ್ನುವುದು. "ಈಜು ಬರಲ್ಲ ಸರ್" ಎನ್ನುವವರು ಪ್ರಯತ್ನದ ಡೈವ್ ಮಾಡಬಹುದು, ಅದಕ್ಕೆ ಈಜು ಕಡ್ಡಾಯವಲ್ಲ. ಇನ್‌ಸ್ಟ್ರಕ್ಟರ್ ಜೊತೆಗೇ ಇರುತ್ತಾರೆ, 12 ಮೀಟರ್ ದಾಟುವಂತಿಲ್ಲ. ಅರ್ಧ ದಿನದ ಕೆಲಸ. ಸರ್ಟಿಫಿಕೇಟ್ ಬೇಕಾದರೆ ಓಪನ್ ವಾಟರ್ ಕೋರ್ಸ್. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ಕಡಲಿನಲ್ಲಿ ನಾಲ್ಕು ಡೈವ್ ಮುಗಿಸಬೇಕು. ಆಮೇಲೆ 18 ಮೀಟರ್‌ವರೆಗೆ ಇಳಿಯಬಹುದು. ಕೋರ್ಸಿಗೆ ಮೂರು-ನಾಲ್ಕು ದಿನ, ಹವೆ ಕೆಟ್ಟರೆ ಇರಲಿ ಎಂದು ಒಂದು ದಿನ. ಜೊತೆಗೆ ಕೊನೆಯಲ್ಲಿ ನೀರಿಗೆ ಇಳಿಯದ ಒಂದು ದಿನ ಬೇಕೇ ಬೇಕು. ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕು, ಹಲವು ಡೈವ್ ಮಾಡಿದ್ದರೆ 18 ಗಂಟೆ. ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆ ಕಟ್ಟುತ್ತದೆ. ಅಂಡಮಾನ್‌ನಲ್ಲಿ ಎಲ್ಲರೂ ಮೊದಲ ದಿನವೇ ಸೆಲ್ಯುಲಾರ್ ಜೈಲು ನೋಡಿಬಿಡುತ್ತಾರೆ. ಅದನ್ನು ಕೊನೆಗೆ ಇಡಿ, ಆ ಒಣ ದಿನ ತಾನಾಗಿಯೇ ಸಿಗುತ್ತದೆ. ನೇತ್ರಾಣಿಯಲ್ಲಿ ಹಲವು ಡೈವ್ ಮಾಡಿ ಅವತ್ತೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವವರಿಗೂ ಇದು ಲಾಗೂ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಒಂದು ರಾತ್ರಿ ಕರಾವಳಿಯಲ್ಲೇ ಮಲಗಿ ಹೊರಡಿ.

ಡೈವ್ ಸೆಂಟರ್‌ಗೆ ಫೋನ್ ಮಾಡಿದಾಗ ದರಕ್ಕಿಂತ ಮೊದಲು ಇದನ್ನು ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಬೋಟ್‌ನಲ್ಲಿ ತುರ್ತಿಗೆ ಆಕ್ಸಿಜನ್ ಇದೆಯಾ? ವೈದ್ಯಕೀಯ ಫಾರ್ಮ್ ಯಾವಾಗ ಕಳಿಸುತ್ತೀರಿ? ಮೂರನೆಯದಕ್ಕೆ "ಅದೆಲ್ಲ ಇಲ್ಲಿ ಬಂದ ಮೇಲೆ" ಎಂದರೆ ಬೇರೆ ಕಡೆ ನೋಡಿ. "ಎಲ್ಲಕ್ಕೂ ಇಲ್ಲ ಅಂತ ಬರೆದುಬಿಡಿ" ಎಂದು ಗ್ರಾಹಕರಿಗೆ ಹೇಳಿಕೊಡುವ ಸಿಬ್ಬಂದಿಯನ್ನು ನಾನೇ ಕಂಡಿದ್ದೇನೆ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್ ಇವುಗಳಲ್ಲಿ ಒಂದಕ್ಕೆ "ಹೌದು" ಎಂದರೂ ವೈದ್ಯರ ಸಹಿ ಬೇಕಾಗುತ್ತದೆ. ಬಸುರಿಯರು ಡೈವ್ ಮಾಡುವಂತಿಲ್ಲ. ಆ ಸಹಿಯನ್ನು ದ್ವೀಪಕ್ಕೆ ಹೋಗಿ ಹುಡುಕುವುದು ಆಗದ ಮಾತು. ವಿಮಾನದ ಟಿಕೆಟ್ ಮಾಡುವ ಮೊದಲೇ ಫಾರ್ಮ್ ತರಿಸಿಕೊಂಡು ನಿಮ್ಮೂರಿನ ವೈದ್ಯರಿಗೆ ತೋರಿಸಿ. ಪ್ರವಾಸದ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಎನ್ನುವುದನ್ನೂ ಆಗಲೇ ಓದಿಕೊಳ್ಳಿ. ಸಾಮಾನ್ಯ ಪಾಲಿಸಿಗಳಲ್ಲಿ ಅನೇಕ ಸಲ ಅದು ಇರುವುದಿಲ್ಲ.