ಫ್ರೀಡೆನ್‌ರೈಖ್ ಹೊಡೆದ ಗೋಲು ಎಷ್ಟು?

ಪೆಲೆಗಿಂತ ಮುಂಚೆಯೇ ಬ್ರೆಜಿಲ್‌ನಲ್ಲಿ ಒಬ್ಬ 1329 ಗೋಲು ಹೊಡೆದಿದ್ದ ಅಂತ ಫುಟ್‌ಬಾಲ್ ಹುಚ್ಚಿರುವವರು ಹೇಳುವುದನ್ನು ನೀವು ಕೇಳಿರಬಹುದು. ಆತ ಆರ್ಥರ್ ಫ್ರೀಡೆನ್‌ರೈಖ್. ಆಟ ದೊಡ್ಡದೇ, ಅನುಮಾನ ಇರುವುದು ಲೆಕ್ಕದ ಮೇಲೆ.

ಹುಟ್ಟಿದ್ದು 1892ರಲ್ಲಿ, ಸಾವೊ ಪಾಲೊದಲ್ಲಿ. ಅಪ್ಪ ಜರ್ಮನ್ ಮೂಲದವರು, ಅಮ್ಮ ಕಪ್ಪು ಜನಾಂಗದವರು. ಗುಲಾಮಗಿರಿ ರದ್ದಾಗಿ ಆಗಿನ್ನೂ ನಾಲ್ಕೇ ವರ್ಷ, ಫುಟ್‌ಬಾಲ್ ಕ್ಲಬ್‌ಗಳೆಲ್ಲ ಬಿಳಿಯ ಶ್ರೀಮಂತರ ಕೈಯಲ್ಲಿದ್ದವು. ಅಪ್ಪನ ಕಡೆಯ ನಂಟಿನಿಂದಲೇ ಜರ್ಮನ್ನರ ಕ್ಲಬ್ ಜರ್ಮೇನಿಯಾದಲ್ಲಿ ಆಡಲು ಸಿಕ್ಕಿತು. ಗುಂಗುರು ಕೂದಲನ್ನು ತೀಡಿ ನೇರ ಮಾಡಿಕೊಂಡು, ಎಲ್ಲರಿಗಿಂತ ತಡವಾಗಿ ಮೈದಾನಕ್ಕೆ ಇಳಿಯುತ್ತಿದ್ದ ಅನ್ನುತ್ತಾರೆ.

1914ರಲ್ಲಿ ಬ್ರೆಜಿಲ್ ತಂಡದ ಮೊಟ್ಟಮೊದಲ ಪಂದ್ಯ. ಎದುರಾಳಿ ಇಂಗ್ಲೆಂಡಿನ ಎಕ್ಸೆಟರ್ ಸಿಟಿ. ಬ್ರೆಜಿಲ್ 2-0ಯಿಂದ ಗೆದ್ದಿತು, ಈತನ ಎರಡು ಹಲ್ಲು ಹೋದವು. 1919ರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಉರುಗ್ವೆ ವಿರುದ್ಧದ ನಿರ್ಣಾಯಕ ಪಂದ್ಯ ಹೆಚ್ಚುವರಿ ಸಮಯವೆಲ್ಲ ಸೇರಿ 150 ನಿಮಿಷ ನಡೆಯಿತು, ಅದರಲ್ಲಿ ಬಿದ್ದ ಒಂದೇ ಒಂದು ಗೋಲು ಈತನದು. ಆ ಬೂಟನ್ನು ರಿಯೊದ ಒಡವೆ ಅಂಗಡಿಯಲ್ಲಿ ಜನ ನೋಡಲಿ ಅಂತ ಇಟ್ಟರು. ಎರಡೇ ವರ್ಷ ಕಳೆದು, 1921ರಲ್ಲಿ ಅದೇ ಚಾಂಪಿಯನ್‌ಷಿಪ್‌ಗೆ ಅಂತ ಬ್ಯೂನಸ್ ಐರಿಸ್‌ಗೆ ಹೋದ ತಂಡದಲ್ಲಿ ಈತನಿಲ್ಲ! ಕಪ್ಪು ಆಟಗಾರರು ಬೇಡ ಅಂತ ದೇಶದ ಅಧ್ಯಕ್ಷ ಎಪಿಟಾಸಿಯೊ ಪೆಸೋವಾ ಕಡೆಯಿಂದಲೇ ಸೂಚನೆ ಬಂದಿತ್ತು ಅನ್ನೋ ಮಾತಿದೆ. 1925ರಲ್ಲಿ ಪಾಲಿಸ್ಟಾನೊ ಕ್ಲಬ್ ಜೊತೆ ಯೂರೋಪಿಗೆ ಹೋಗಿ ಪ್ಯಾರಿಸ್‌ನವರನ್ನು ಬೆರಗುಗೊಳಿಸಿದ. 1930ರ ವಿಶ್ವಕಪ್ ಮಾತ್ರ ರಿಯೊ ಮತ್ತು ಸಾವೊ ಪಾಲೊ ಫುಟ್‌ಬಾಲ್ ಸಂಸ್ಥೆಗಳ ಜಗಳದಲ್ಲಿ ತಪ್ಪಿಹೋಯಿತು.

ಇನ್ನು ಆ 1329. ಜೊತೆಗೆ ಆಡುತ್ತಿದ್ದ ಮಾರಿಯೊ ಡಿ ಆಂಡ್ರಾಡಾ ಪಂದ್ಯಗಳ ಲೆಕ್ಕ ಬರೆದಿಟ್ಟಿದ್ದರಂತೆ: 1329 ಪಂದ್ಯ, 1239 ಗೋಲು. ಪತ್ರಕರ್ತ ಡಿ ವಾನಿ ಎರಡು ಸಂಖ್ಯೆಯನ್ನೂ ಅದಲು ಬದಲು ಮಾಡಿಬಿಟ್ಟರು, ಅದೇ ಊರೆಲ್ಲ ಹರಡಿತು. ಹೋಗಲಿ, 1239 ಆದರೂ ಸರಿ ಅನ್ನೋಣ ಅಂದರೆ ಆ ಕಾಗದಗಳೇ ಯಾರ ಕೈಗೂ ಸಿಗಲಿಲ್ಲ. ಮುಂದೆ ಲೇಖಕ ಅಲೆಕ್ಸಾಂದ್ರೆ ಡ ಕೋಸ್ಟಾ ಹಳೇ ಪತ್ರಿಕೆಗಳನ್ನು ಜಾಲಾಡಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 561 ಪಂದ್ಯ, 554 ಗೋಲು.

ಪಂದ್ಯಕ್ಕೆ ಸುಮಾರು ಒಂದು ಗೋಲು, ಇದೇನು ಕಡಿಮೆನಾ? ಪೆಲೆಯ 1283ರಲ್ಲೂ ಸ್ನೇಹಪಂದ್ಯ, ಸೇನಾ ತಂಡದ ಪಂದ್ಯ ಎಲ್ಲವೂ ಸೇರಿವೆ. ಆದರೆ ಅಲ್ಲಿ ಯಾವ ಗೋಲು ಯಾರ ವಿರುದ್ಧ ಅನ್ನೋ ಪಟ್ಟಿಯಾದರೂ ಇದೆ.