ನಾರು: ಹೂವಿಗೂ ಬೇಕು, ಹೊಟ್ಟೆಗೂ ಬೇಕು

ದಾವಣಗೆರೆಯ ತರಕಾರಿ ಮಾರ್ಕೆಟ್ಟಿನಲ್ಲಿ ಮೂಲಂಗಿ ಕೊಂಡರೆ ಅಂಗಡಿಯಾಕೆ ಕೇಳೋದು ಒಂದೇ ಮಾತು: ‘ಸೊಪ್ಪು ಮುರಿದು ಕೊಡ್ಲೇನ್ರಿ?’ ತುಂಬಾ ಜನ ಹೂಂ ಅಂತಾರೆ. ಸೊಪ್ಪು ದನದ ಪಾಲಾಗುತ್ತದೆ. ನನಗೆ ಪ್ರತಿ ಸಲ ಸಂಕಟವಾಗುತ್ತದೆ. ಗೆಡ್ಡೆಗಿಂತ ಜಾಸ್ತಿ ಕ್ಯಾಲ್ಸಿಯಂ, ವಿಟಮಿನ್ ಸಿ ಇರೋದು ಆ ಸೊಪ್ಪಿನಲ್ಲೇ. ಡಾಕ್ಟರು ತಿನ್ನಿ ಅನ್ನುವ ‘ನಾರಿನಂಶ’ ಕೂಡ ಅದರಲ್ಲಿದೆ.

ನಾರು ನಮಗೆ ಹೊಸ ಪದವೇನಲ್ಲ. ಒಣಗಿದ ಬಾಳೆಪಟ್ಟೆ ಸೀಳಿದರೆ ಬರುವ ಎಳೆ ನಾರು. ಅದರಲ್ಲಿ ಹೂ ಕಟ್ಟುತ್ತಾರೆ. ‘ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು’ ಅನ್ನೋ ಗಾದೆ ಬಂದಿದ್ದೂ ಹಾಗೆ. ಹಳ್ಳಿ ಔಷಧಿಗೆ ನಾರುಬೇರು ಅಂತಾರೆ. ಬೀನ್ಸ್ ಬಲಿತರೆ ‘ಬರೀ ನಾರು’ ಅಂತ ಪಕ್ಕಕ್ಕಿಡುತ್ತೇವೆ.

ಊಟದ ವಿಷಯಕ್ಕೆ ಬಂದರೆ ಈ ಪದದ ಅರ್ಥ ಇನ್ನೂ ಅಗಲ. ಕಾಳು, ಸೊಪ್ಪು, ಕಾಯಿಗಳಲ್ಲಿ ನಮ್ಮ ಸಣ್ಣ ಕರುಳಿಗೆ ಅರಗಿಸಲು ಆಗದ ಭಾಗವೆಲ್ಲ ನಾರೇ. ಕೆಲವು ನಾರು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುತ್ತದೆ, ಕೊಲೆಸ್ಟ್ರಾಲ್ ಇಳಿಸಲೂ ನೆರವಾಗುತ್ತದೆ. ಕರಗದ ನಾರು ಮಲಬದ್ಧತೆ ತಡೆಯುತ್ತದೆ. ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ನಾರೇ ಊಟ. ದೊಡ್ಡವರು ದಿನಕ್ಕೆ ಕಡಿಮೆ ಅಂದರೂ 25 ಗ್ರಾಂ ನಾರು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಬಾಳೆದಿಂಡು ಹೆಚ್ಚುವುದನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದೊಂದು ಬಿಲ್ಲೆ ಕೊಯ್ದಾಗಲೂ ಜೇಡರ ಬಲೆಯಂಥ ಎಳೆ ಎದ್ದು ಬರುತ್ತದೆ. ಅಮ್ಮ ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗುತ್ತಾರೆ. ಬಿಲ್ಲೆ ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುತ್ತಾರೆ. ಎಲ್ಲಾ ಮುಗಿದ ಮೇಲೆ ಬೆರಳಲ್ಲಿ ಉಳಿಯೋದು ಗೋಲಿಯಷ್ಟು ನಾರು. ಕಣ್ಣಿಗೆ ಕಾಣದ ನಾರೆಲ್ಲ ಬಿಲ್ಲೆಯಲ್ಲೇ ಇದೆ, ಪಲ್ಯದ ಜೊತೆ ಹೊಟ್ಟೆಗೆ ಹೋಗುತ್ತದೆ.

ಹೀರೇಕಾಯಿ ಸಿಪ್ಪೆಯೂ ನಮ್ಮ ಕಡೆ ವ್ಯರ್ಥವಾಗೋದಿಲ್ಲ. ಸಿಪ್ಪೆಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಹುಣಸೆಹಣ್ಣು, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿದರೆ ಬಿಸಿ ಜೋಳದ ರೊಟ್ಟಿಗೆ ಬೇರೇನೂ ಬೇಡ. ಕುಂಬಳದ ಬೀಜ ಒಣಗಿಸಿ ಹುರಿದಿಡಿ, ಅದರಲ್ಲಿ ಪ್ರೋಟೀನ್, ಸತು, ಮೆಗ್ನೀಸಿಯಂ ಎಲ್ಲಾ ಇದೆ. ಹೂಕೋಸಿನ ಎಳೆ ಎಲೆಯೂ ಪಲ್ಯಕ್ಕೆ ಆಗುತ್ತದೆ.

ಹಾಗಂತ ಸಿಪ್ಪೆಯೆಲ್ಲಾ ತಿನ್ನಲು ಬರೋದಿಲ್ಲ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆಯಲ್ಲಿ ಸೋಲನಿನ್ ಅನ್ನೋ ವಿಷ ಇರುತ್ತದೆ, ಅದನ್ನು ಎಸೆಯಲೇಬೇಕು. ಬೀಟ್‌ರೂಟ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ತಿನ್ನಿ. ಔಷಧಿ ಹೊಡೆದ ಕಾಯಿಯಾದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ನಾರನ್ನು ಒಂದೇ ದಿನ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ, ನೀರು ಜಾಸ್ತಿ ಕುಡಿಯಿರಿ.

ಮೊನ್ನೆ ನಾನು ‘ಸೊಪ್ಪು ಇರಲಿ’ ಅಂದೆ. ಅಂಗಡಿಯಾಕೆ ಬುಟ್ಟಿ ಪಕ್ಕ ಬಿದ್ದಿದ್ದ ಇನ್ನೆರಡು ಹಿಡಿ ಎಳೆ ಸೊಪ್ಪನ್ನೂ ಆರಿಸಿ ಚೀಲಕ್ಕೆ ಹಾಕಿದರು. ‘ಹೆಸರುಬೇಳೆ ಹಾಕಿ ಮಾಡ್ರಿ, ಕಹಿ ಗೊತ್ತಾಗಲ್ಲ’ ಅಂದರು.